ಹಿಂದೆ ಕೂತವಳ ಸೀಟು

ನಮ್ಮ ಮನೆಯವರಿಗೆ ಬೈಕಿನ ಸೀಟಿನ ಚಿಂತೆ ಹತ್ತಿದ್ದು ಅವರ ಸೊಂಟ ನೋಯತೊಡಗಿದ ಮೇಲೆ. ನನ್ನ ಸೊಂಟ ಅದಕ್ಕೂ ಎಷ್ಟೋ ಮೊದಲೇ ನೋಯುತ್ತಿತ್ತು. ಆಗ ಅದಕ್ಕೆ ವಯಸ್ಸು ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ನಾವಿರುವುದು ಬೈಲಹೊಂಗಲದಲ್ಲಿ, ನನ್ನ ಅಕ್ಕ ರಾಮದುರ್ಗದಲ್ಲಿ. ಬಸ್ಸು ಹತ್ತಿದರೆ ನನಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅಕ್ಕನ ಮನೆಗೆಂದರೆ ಮೊದಲಿನಿಂದಲೂ ಬೈಕೇ. ಸವದತ್ತಿ ಮುಟ್ಟುವುದರೊಳಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ಮುಂದೆ ಹೋಗುತ್ತಿದ್ದೆವು. ಕಳೆದ ವರ್ಷ ಆ ಬೆಂಚಿನಿಂದ ಏಳಲಾರದೆ ಮನೆಗೆ ತಿರುಗಿ ಬಂದೆವು. ಅಲ್ಲಿಂದ ಮುಂದೆ ಅಕ್ಕ ಫೋನಿನಲ್ಲಷ್ಟೇ ಸಿಗತೊಡಗಿದಳು. ಯಾವಾಗ ಬರುತ್ತೀ ಎಂದು ಕೇಳುವುದನ್ನೂ ಅವಳು ಬಿಟ್ಟಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಇವರು ಸೀಟಿನ ಅಂಗಡಿಗೆ ಹೋಗಿ, ಕೂತು, ಎದ್ದು, ಮತ್ತೆ ಕೂತು, ಹೊಸ ಫೋಮು ಹಾಕಿಸಿಕೊಂಡು ಬಂದರು.

“ಕುಂತ ನೋಡ, ಸಿಂಹಾಸನ ಆಗೇತಿ.”

ಸಿಂಹಾಸನ ಹೌದು, ಮುಂದೆ ಕೂತವರಿಗೆ. ಹಿಂದಿನದು ಎತ್ತರ, ಕಿರಿದು, ಮುಂದಕ್ಕೆ ಇಳಿಜಾರು. ಸೀರೆಯುಟ್ಟು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವ ನಾನು ಊರು ದಾಟುವ ಮೊದಲೇ ಅರ್ಧ ಗಾಳಿಯಲ್ಲಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. ಗಾಡಿಯನ್ನು ನೇರ ಅಂಗಡಿಗೇ ತಿರುಗಿಸಲು ಹೇಳಿದೆ.

“ಹಿಂದಿಂದೂ ಸಾಹೇಬ್ರು ಕುಂತ ನೋಡ್ಯಾರಲ್ರಿ, ಅಕ್ಕಾರ. ಬೇಷ್ ಐತಿ ಅಂದ್ರು,” ಎಂದ ಅಂಗಡಿಯವ.

“ಹೆಂಗ ಕುಂತಿದ್ರು?”

“ಎರಡೂ ಕಡೆ ಕಾಲ ಹಾಕಿ.”

ನಾನು ಇವರ ಕಡೆ ತಿರುಗಿದೆ. “ಈಗ ನನ್ಹಂಗ ಒಂದ ಕಡೆ ಕಾಲ ಹಾಕಿ ಕುಂಡರ್ರಿ. ಈ ಅಂಗಡಿಯವ್ರು ಗಾಡಿ ಹೊಡೀಲಿ. ಕಿತ್ತೂರ ರಸ್ತಾದಾಗ ಒಂದ ರೌಂಡ ಹೋಗಿ ಬರ್ರಿ.”

ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಇವರು ಸುತ್ತ ನೋಡಿದರು. ಸಂತೆಯ ದಿನ, ಎಲ್ಲರೂ ಇದ್ದರು. ಆದರೂ ಹತ್ತಿ ಕೂತರು. ಗಾಡಿ ಹೊರಟದ್ದೇ ತಡ, ಪಾನ್ ಅಂಗಡಿಯ ಮುಂದಿನಿಂದ ಯಾರೋ ಕೂಗಿದರು, “ಏನ್ರೀ, ಗಂಡನ ಮನಿಗೆ ಹೊಂಟ್ರ್ಯಾ?”

ಮರಳಿ ಬಂದಾಗ ನಗಬೇಕೆಂದು ಸೆರಗು ಬಾಯಿಗೆ ಹಿಡಿದು ಕಾದಿದ್ದೆ. ಇವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಇಳಿದರು. ಮುಖದಲ್ಲಿ ನಗುವಿರಲಿಲ್ಲ.

“ಇಷ್ಟ ವರ್ಷ ಹಿಂಗ ಕುಂತಿ ಏನ?”

ನನಗೆ ಅಳು ಬಂತು. ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು ಅದೊಂದೇ.

ಅಂಗಡಿಯವ ರೆಕ್ಸಿನ್ ಬಿಚ್ಚಿದ. ಈ ಸಲ ಕೂತು ನೋಡಿದವಳು ನಾನು. ಹಿಂದಿನ ಭಾಗ ಸಪಾಟಾಯಿತು, ಅಗಲವಾಯಿತು. ಕಾಲಿಡಲು ಉದ್ದನೆಯ ಪಟ್ಟಿ ಬಂತು. ಹಿಂದಿನ ಸೀಟಿಗೆ ಬೇಕಾದ ಜಾಗವನ್ನು ಸಿಂಹಾಸನದಿಂದಲೇ ಕತ್ತರಿಸಬೇಕಾಯಿತು. ಕತ್ತರಿಸುವಾಗ ಫೋಮು ಅಲುಗದಂತೆ ಹಿಡಿದವರು ಇವರೇ.

ಮುಂದಿನ ಭಾನುವಾರ ಹೊರಟೆವು. ಸವದತ್ತಿಯ ಚಹಾದಂಗಡಿಯ ಮುಂದೆ ಗಾಡಿ ನಿಧಾನವಾಯಿತು.

“ನನಗೇನೂ ಆಗಿಲ್ಲ, ನಡೀರಿ,” ಎಂದೆ.

“ನನಗ ಸೊಂಟ ಹಿಡದೈತಿ,” ಎಂದರು.

ಇವರು ಬೆಂಚಿನ ಮೇಲೆ ಕೂತು ಚಹಾ ಊದುತ್ತಿದ್ದರು. ನಾನು ನಿಂತೇ ಅಕ್ಕನಿಗೆ ಫೋನು ಹಚ್ಚಿದೆ. ಸವದತ್ತಿ ಎಂದ ಕೂಡಲೇ ಅವಳ ದನಿ ಇಳಿಯಿತು.

“ಮತ್ತ ತಿರುಗಿ ಹೊಂಟಿ ಏನ?”

“ಇಲ್ಲಕ್ಕಾ. ರೊಟ್ಟಿ ಬಡಿ, ಬರಾಕ ಹತ್ತೇವಿ.”