ಗೋಡೆಯ ಈಚೆಗಿನ ತರಗತಿ

ಬದುಕಿಡೀ ಮಕ್ಕಳಿಗೆ ಪಾಠ ಹೇಳಿದ ನಮ್ಮಕ್ಕನಿಗೆ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಒಂದೇ ಒಂದು ಸಲ. ಅವತ್ತು ಮನೆಗೆ ಬಂದವಳು ಕೈಕಾಲನ್ನೂ ತೊಳೆಯದೆ ಮಂಚದ ಮೇಲೆ ಮಗ್ಗುಲಾಗಿ ಮಲಗಿಬಿಟ್ಟಳು. ಊಟಕ್ಕೆ ಎಬ್ಬಿಸಿದರೆ, "ನೀನು ಮಾಡು, ನನಗೆ ಸೇರಲ್ಲ" ಅಂದಳು. ಆ ಚಪ್ಪಾಳೆ ಯಾತಕ್ಕೆ ಬಿತ್ತು ಎನ್ನುವುದನ್ನು ಬಿಟ್ಟು ನಮ್ಮಕ್ಕ ಎಂಥವಳು ಎಂದು ಹೇಳುವುದು ನನ್ನಿಂದಾಗದು.

ಮನೆಯಲ್ಲಿ ನಾವಿಬ್ಬರೇ. ಅವಳು ಪ್ರೈಮರಿ ಶಾಲೆಯ ಟೀಚರ್, ನಾನು ಬಟ್ಟೆ ಹೊಲಿಯುವವಳು. ನನ್ನ ಕತ್ತರಿಗಿಂತ ನಾಲಿಗೆ ಹರಿತ ಎಂದು ಗಿರಾಕಿಗಳು ನನ್ನೆದುರಿಗೇ ಹೇಳುತ್ತಾರೆ. ಅಕ್ಕ ಹಾಗಲ್ಲ, ಒಂದು ಮಾತಾಡುವ ಮೊದಲು ಮೂರು ಸಲ ಉಗುಳು ನುಂಗುತ್ತಾಳೆ. ಆದರೆ ಮಾತು ಕೊಟ್ಟಳೋ, ಮುಗಿಯಿತು, ಕಲ್ಲಿನ ಮೇಲೆ ಗೀರಿದ ಗೆರೆ. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆಯಲ್ಲಿ ನೂರರವರೆಗೆ ಎಣಿಸು ಅಂದರೆ ಒಂದನ್ನೂ ಹಾರಿಸದೆ ನೂರೂ ಎಣಿಸುತ್ತಿದ್ದಳು. ನಾವು ಅಷ್ಟರಲ್ಲಿ ಮನೆಗೆ ಹೋಗಿ ತಿಂಡಿ ತಿಂದು, ನೀರು ಕುಡಿದು, ಬಂದು ಬಚ್ಚಿಟ್ಟುಕೊಳ್ಳುತ್ತಿದ್ದೆವು.

ಆ ವರ್ಷ ಅವಳಿಗೆ ಸಿಕ್ಕಿದ್ದು ನಾಲ್ಕನೇ ಕ್ಲಾಸಿನ ಬಿ ವಿಭಾಗ. ಆ ಶಾಲೆಗೆ ನಾಲ್ಕೇ ಕೊನೆ. ಐದಕ್ಕೆ ಬಸ್ಸು ಹತ್ತಿ ದೊಡ್ಡ ಶಾಲೆಗೆ ಹೋಗಬೇಕು. ಅವಳ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಕೈಯಲ್ಲಿದ್ದ ಪುಸ್ತಕ ನಾಲ್ಕನೇ ಕ್ಲಾಸಿನದು, ಮಕ್ಕಳು ನಿಂತಿದ್ದದ್ದು ಒಂದನೇ ಕ್ಲಾಸಿನಲ್ಲಿ. ಪಾಠ ಮಾತ್ರ ಹೇಳಿದ ತಿಂಗಳಿಗೆ ಮುಗಿಯಲೇಬೇಕು. ಮುಗಿಸದಿದ್ದರೆ ಹೆಡ್‌ಮಾಸ್ಟರರನ್ನು ಮೇಲಿನವರು ಕೇಳುತ್ತಾರೆ, ಹೆಡ್‌ಮಾಸ್ಟರು ಅಕ್ಕನನ್ನು ಕೇಳುತ್ತಾರೆ. ಮಕ್ಕಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆಗಲೇ ಓದುವುದನ್ನು ಕಲಿಸುವ ಹೊಸ ವಿಧಾನವನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದ ಒಬ್ಬ ಹುಡುಗಿ ಬಂದಳು. ದಿನಕ್ಕೆ ಒಂದು ಗಂಟೆ ಪುಸ್ತಕ ಮುಚ್ಚಿಡುವುದು. ಅಕ್ಷರ ಬರುವವರು ಒಂದು ಗುಂಪು, ಪದ ಓದುವವರು ಇನ್ನೊಂದು, ಸಾಲು ಓದುವವರು ಮತ್ತೊಂದು. ಯಾರಿಗೆ ಎಷ್ಟು ಬರುತ್ತದೋ ಅಲ್ಲಿಂದ ಕಾರ್ಡು, ಆಟ, ಕಥೆ. ಹೆಡ್‌ಮಾಸ್ಟರರ ಕೋಣೆಯಲ್ಲಿ ಚೀಟಿ ಎತ್ತಿದರು. ವಿಧಾನ ಎ ವಿಭಾಗಕ್ಕೆ ಬಿತ್ತು. ಬಿ ವಿಭಾಗ ಎಂದಿನಂತೆಯೇ ನಡೆಯಬೇಕು, ವರ್ಷದ ಕೊನೆಗೆ ಎರಡನ್ನೂ ಹೋಲಿಸಿದರೆ ತಾನೇ ವಿಧಾನದಿಂದ ಲಾಭವಿದೆಯೋ ಇಲ್ಲವೋ ಗೊತ್ತಾಗುವುದು? "ಟೀಚರ್, ಆ ಕಾರ್ಡುಗಳನ್ನ ನೀವು ಬಳಸಬಾರದು. ಒಂದು ಮಗುವಿಗೂ ಆ ಥರ ಹೇಳಿಕೊಡಬಾರದು" ಅಂದಳು ಹುಡುಗಿ. ಅಕ್ಕ ಮೂರು ಸಲ ನುಂಗಿ, ಆಗಲಿ ಅಂದಳು.

ಎರಡು ಕೋಣೆಗಳ ನಡುವೆ ಇದ್ದದ್ದು ಹಲಗೆಯ ತೆಳ್ಳನೆಯ ಗೋಡೆ. ಮೊದಮೊದಲು ಆಚೆಯಿಂದ ಬರೀ ಗಲಾಟೆ ಕೇಳುತ್ತಿತ್ತು. ಆಮೇಲೆ ಅಕ್ಷರ ಕೇಳಿಸಿದವು, ಆಮೇಲೆ ಪದ. ಅರ್ಧ ವರ್ಷ ಕಳೆಯುವ ಹೊತ್ತಿಗೆ ತಡವರಿಸುತ್ತಿದ್ದ ಮಕ್ಕಳೇ ಇಡೀ ಕಥೆ ಓದುವುದು ಕೇಳಿಸತೊಡಗಿತು. ಅಕ್ಕ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಸೀಮೆಸುಣ್ಣ ಹಿಡಿದು ಹಾಗೇ ನಿಲ್ಲುತ್ತಿದ್ದಳಂತೆ. ಇಷ್ಟು ವರ್ಷ ತಾನು ಹುಡುಕಿದ್ದು ಒಂದು ಹಲಗೆಯ ಆಚೆ ಇದೆ, ತನ್ನ ಮಕ್ಕಳು ಈಚೆ ಇದ್ದಾರೆ ಎಂದು ಅವಳಿಗೆ ಗೊತ್ತಾಗಿತ್ತು.

ಆ ಗೋಡೆಗೆ ಒರಗಿ ಕೂರುತ್ತಿದ್ದವಳು ಗಿರಗಿಟ್ಲೆ. ನನ್ನ ಅಂಗಡಿಯ ಪಕ್ಕ ಇಸ್ತ್ರಿ ಅಂಗಡಿ ಇಟ್ಟಿದ್ದವಳ ಮಗಳು. ಕೂತಲ್ಲಿ ಕೂರದ ಹುಡುಗಿಗೆ ಆ ಹೆಸರಿಟ್ಟವಳು ನಾನೇ. ಓದಲು ಒಂದಕ್ಷರ ಬರದು, ಆದರೆ ಕಿವಿಗೆ ಬಿದ್ದದ್ದು ಮರೆಯದು. ಬೇರೆ ಮಕ್ಕಳು ಓದಿದ್ದನ್ನು ಕೇಳಿಸಿಕೊಂಡು, ಪುಸ್ತಕ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸಿ, ಸರಿಯಾದ ಜಾಗದಲ್ಲಿ ಹಾಳೆ ತಿರುಗಿಸಿ ಒಪ್ಪಿಸಿಬಿಡುತ್ತಿದ್ದಳು. ತಪಾಸಣೆಗೆ ಬಂದ ಸಾಹೇಬರು ಬೆನ್ನು ತಟ್ಟಿ ಹೋಗಿದ್ದರು. ಅಕ್ಕ ಮಾತ್ರ ಮೋಸ ಹೋಗಿರಲಿಲ್ಲ.

ಅವಳ ಅಮ್ಮ ಒಂದು ದಿನ ಕಾಲರು ಒತ್ತುತ್ತಾ ನನಗೆ ಹೇಳಿದಳು: "ಈ ವರ್ಷ ನೋಡ್ತೀನಿ ಅಕ್ಕಾ. ಓದಕ್ಕೆ ಬಂದ್ರೆ ಹೆಂಗಾದ್ರೂ ಮಾಡಿ ದೊಡ್ಡ ಶಾಲೆಗೆ ಕಳಿಸ್ತೀನಿ. ಬರ್ಲಿಲ್ಲ ಅಂದ್ರೆ ನನ್ನ ಜೊತೆ ಇಸ್ತ್ರಿ ಹಿಡೀಲಿ. ನನಗೂ ರಟ್ಟೆ ಬಿದ್ದೋಗಿದೆ."

ಮನೆಗೆ ಹೋದವಳೇ ಅಕ್ಕನನ್ನು ಹಿಡಿದುಕೊಂಡೆ. "ಸಂಜೆ ಅವಳನ್ನ ಇಲ್ಲಿಗೆ ಕರ್ಕೊಂಡು ಬಾ. ಪಕ್ಕದ ಕ್ಲಾಸಿನ ಮೇಷ್ಟ್ರು ಏನು ಮಾಡ್ತಾರೆ ಅಂತ ನಿನಗೆ ಗೊತ್ತಿದೆ. ನಮ್ಮ ಅಡುಗೆಮನೇಲಿ ಕೂರಿಸಿಕೊಂಡ್ರೆ ಯಾರು ನೋಡ್ತಾರೆ?"

"ಮಾತು ಕೊಟ್ಟಿದ್ದೀನಿ ಕಣೇ."

"ಮಾತಂತೆ ಮಾತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ."

"ಹಾಗಲ್ಲ. ಇವಳಿಗೆ ಕಲಿಸಿದ್ರೆ ಉಳಿದವರಿಗೆ ಯಾಕಿಲ್ಲ? ಎಲ್ಲರಿಗೂ ಕಲಿಸಿದ್ರೆ ಎರಡು ಕ್ಲಾಸಿಗೂ ವ್ಯತ್ಯಾಸ ಕಾಣಲ್ಲ. ವ್ಯತ್ಯಾಸ ಕಾಣದಿದ್ರೆ ಈ ವಿಧಾನ ಇಲ್ಲಿಗೇ ನಿಂತುಹೋಗುತ್ತೆ. ಎಷ್ಟು ಶಾಲೆ ಇದೆ, ಎಷ್ಟು ಸಾವಿರ ಮಕ್ಕಳಿದ್ದಾರೆ, ಯೋಚನೆ ಮಾಡು."

"ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದೆ. "ಆ ಸಾವಿರ ಮಕ್ಕಳನ್ನ ನೀನು ನೋಡಿದ್ಯಾ? ಇವಳನ್ನ ದಿನಾ ನೋಡ್ತೀಯ."

ಅಕ್ಕ ತಟ್ಟೆಯಲ್ಲಿದ್ದದ್ದನ್ನು ಹಾಗೇ ಮುಚ್ಚಿಟ್ಟು ಎದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಈಗಲೂ ಒಂದೊಂದು ಸಲ ಬರುತ್ತದೆ. ಅವಳು ಹೇಳಿದ್ದು ತಪ್ಪು ಎಂದು ಮಾತ್ರ ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಅದೇ ಕಷ್ಟ.

ಮಾರನೆಯ ವಾರ ವಿಶ್ವವಿದ್ಯಾಲಯದ ಹುಡುಗಿ ಶಾಲೆಗೆ ಬಂದಾಗ ಅಕ್ಕ ಕೇಳಿಯೂ ಕೇಳಿದಳಂತೆ, ನಮ್ಮ ಮಕ್ಕಳಿಗೂ ಈಗಲೇ ಶುರು ಮಾಡಬಹುದಾ ಎಂದು.

"ಮುಂದಿನ ವರ್ಷ ಬಿ ವಿಭಾಗಕ್ಕೂ ಖಂಡಿತ ಬರುತ್ತೆ ಟೀಚರ್."

"ಮುಂದಿನ ವರ್ಷ ಈ ಮಕ್ಕಳು ಇಲ್ಲಿರಲ್ಲವಲ್ಲಮ್ಮಾ."

ಹುಡುಗಿ ತಲೆ ತಗ್ಗಿಸಿದಳು. ಕೆಟ್ಟವಳೇನಲ್ಲ. ಅವಳೂ ತನ್ನ ಮೇಲಿನ ಯಾರಿಗೋ ಮಾತು ಕೊಟ್ಟು ಬಂದವಳು.

ವರ್ಷದ ಕೊನೆಗೆ ಎರಡೂ ವಿಭಾಗದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿದರು. ಆಮೇಲೆ ದೊಡ್ಡ ಸಭಾಂಗಣದಲ್ಲಿ, ನಾಲ್ಕಾರು ಶಾಲೆಯವರನ್ನು ಕರೆಸಿ, ಫಲಿತಾಂಶ ಹೇಳಿದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಪಕ್ಕದ ಕೋಣೆಯ ಮೇಷ್ಟ್ರು. ಪರದೆಯ ಮೇಲೆ ಎರಡು ಕಂಬ ತೋರಿಸಿದರಂತೆ, ಒಂದು ಎತ್ತರ, ಒಂದು ಗಿಡ್ಡ. ಗಿಡ್ಡದ್ದು ನಮ್ಮಕ್ಕನ ಮಕ್ಕಳು. "ಬಿ ವಿಭಾಗದ ಶಿಕ್ಷಕಿ ವರ್ಷವಿಡೀ ಎಳ್ಳಷ್ಟೂ ಬದಲಾಯಿಸದೆ ಪ್ರಾಮಾಣಿಕವಾಗಿ ಸಹಕರಿಸಿದ್ದಾರೆ. ಅವರಿಲ್ಲದಿದ್ದರೆ ಈ ಫಲಿತಾಂಶವೇ ಇಲ್ಲ" ಎಂದು ವೇದಿಕೆಯ ಮೇಲಿದ್ದವರು ಅಂದರು. ಆಗ ಬಿದ್ದದ್ದು ಆ ಚಪ್ಪಾಳೆ. ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದರಂತೆ ಬೇರೆ.

ಶಾಲೆಗೆ ರಜೆ ಸಿಕ್ಕ ಮೇಲೆ ಒಂದು ಸಂಜೆ ಇಸ್ತ್ರಿಯವಳು ಮಗಳ ಕೈ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಅಕ್ಕ ನನ್ನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು. ಗಿರಗಿಟ್ಲೆಯ ಕೈಯಲ್ಲಿ ಪುಸ್ತಕವಿತ್ತು, ತಲೆ ಬಾಚಿ ಗಟ್ಟಿ ಜಡೆ ಹಾಕಿದ್ದರು.

"ನನಗೆ ಅಕ್ಷರ ತಿಳಿಯಲ್ಲ ಟೀಚರ್. ನೀವೇ ಒಂದು ಸಲ ಕೇಳಿ ಹೇಳಿ. ಬಸ್ಸಿಗೆ ಹಾಕಬೇಕೋ ಬೇಡವೋ ತೀರ್ಮಾನ ಮಾಡ್ತೀನಿ."

ಹುಡುಗಿ ಪುಸ್ತಕ ಬಿಡಿಸಿ ಶುರುಮಾಡಿದಳು. ಬಾವಿಗೆ ಬಿದ್ದ ನರಿಯ ಕಥೆ. ಒಂದು ಕಡೆಯೂ ತಡೆಯಲಿಲ್ಲ, ನರಿಗೆ ಒಂದು ದನಿ, ಆಡಿಗೆ ಇನ್ನೊಂದು ದನಿ. ಅಮ್ಮನ ಮುಖ ಅರಳಿತು. ನಾನು ಬಗ್ಗಿ ನೋಡಿದೆ. ಆ ಪುಟದಲ್ಲಿದ್ದದ್ದು ನದಿಯ ಪಾಠ. ನರಿಯ ಕಥೆ ಗೋಡೆಯ ಆಚೆಗಿನ ಕಾರ್ಡಿನದು. ಇಡೀ ವರ್ಷ ಕಿವಿಗೊಟ್ಟು ಕಲಿತಿದ್ದಳು.

"ಓದ್ತಾಳೆ ಅಲ್ವಾ ಟೀಚರ್?"

ನಾನು ಮೇಜಿನ ಕೆಳಗೆ ಅಕ್ಕನ ಕಾಲು ಒತ್ತಿದೆ. ಹೂಂ ಅನ್ನು, ಒಂದು ಸಲ ಹೂಂ ಅನ್ನು, ಮುಂದಿನದು ಮುಂದೆ ನೋಡೋಣ. ಹುಡುಗಿಯೂ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕನ ಗಂಟಲು ಒಂದು ಸಲ ಆಡಿತು, ಎರಡು ಸಲ ಆಡಿತು.

"ಇಲ್ಲಮ್ಮಾ. ಇದು ಕೇಳಿ ಕಲಿತದ್ದು. ಓದಕ್ಕೆ ಇನ್ನೂ ಬರಲ್ಲ. ಹೂಂ ಅಂತ ಕಳಿಸಿದ್ರೆ ಅಲ್ಲಿ ಎಲ್ಲರ ಮುಂದೆ ನಿಲ್ಲಿಸ್ತಾರೆ, ತಡ್ಕೊಳಲ್ಲ ಇವಳು. ಈ ರಜೆ ಪೂರ್ತಿ ನನ್ನ ಹತ್ರ ಬಿಡು. ಈಗ ನನ್ನನ್ನ ಯಾರೂ ಕಟ್ಟಿಹಾಕಿಲ್ಲ. ನಾನು ಕಲಿಸ್ತೀನಿ."

ಇಸ್ತ್ರಿಯವಳು ಕೂಗಾಡಿದ್ದರೆ ಚೆನ್ನಾಗಿತ್ತು. ಪುಸ್ತಕ ಇಸಕೊಂಡು ಮುಚ್ಚಿ, ಮೆತ್ತಗೆ ಅಂದಳು: "ನಾಲ್ಕು ವರ್ಷ ನಿಮ್ಮ ಶಾಲೇಲೇ ಬಿಟ್ಟಿದ್ನಲ್ಲ ಟೀಚರ್."

ಮಗಳನ್ನು ಕರೆದುಕೊಂಡು ಹೋದಳು. ಆಮೇಲೆ ಅಕ್ಕ ಎಷ್ಟು ಸಲ ಹೋಗಿ ಕೇಳಿದರೂ ಕೆಲಸ ಜಾಸ್ತಿ ಟೀಚರ್, ನಾಳೆ ನೋಡೋಣ ಅನ್ನುತ್ತಿದ್ದಳು. ಹುಡುಗಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ಹೇಳಿದಂತೆ ಕಾರ್ಡುಗಳು ಬಂದವು. ಅಕ್ಕನ ಹೊಸ ಮಕ್ಕಳು ಅರ್ಧ ವರ್ಷದಲ್ಲೇ ಓದಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಒಂದು ಸಲ ಬಾಯಿ ಬಿಟ್ಟೆ. ಅವಳ ಮುಖ ನೋಡಿದ ಮೇಲೆ ಮತ್ತೆ ಆ ಗಾದೆ ಆಡಿಲ್ಲ. ವಿಧಾನ ಬೇರೆ ಊರುಗಳಿಗೂ ಹೋಯಿತು. ಅಕ್ಕ ಎಣಿಸಿದ ಸಾವಿರ ಮಕ್ಕಳು ನಿಜವಾಗಿಯೂ ಓದಿದರು. ಅಪ್ಪ ಅಮ್ಮಂದಿರು ಬಂದು ನಿಮ್ಮಿಂದ ಉಪಕಾರವಾಯಿತು ಅಂದರೆ ಅವಳು ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.

ಈಗ ಅವಳಿಗೆ ನಿವೃತ್ತಿಯಾಗಿದೆ. ನನ್ನ ಅಂಗಡಿಯಲ್ಲೇ ಕೂತು ಗುಂಡಿ ಹಚ್ಚುತ್ತಾಳೆ. ಹೋದ ತಿಂಗಳು ಗಿರಗಿಟ್ಲೆ ಇಸ್ತ್ರಿಯಾದ ಗಂಟುಗಳನ್ನು ಎರಡೂ ಕೈಯಲ್ಲಿ ಹೊತ್ತು ಬಾಗಿಲಿಗೆ ಬಂದಳು. ಅಕ್ಕನಿಗಿಂತ ಎತ್ತರವಾಗಿದ್ದಾಳೆ. ಅಮ್ಮನಿಗೆ ಹುಷಾರಿಲ್ಲವಂತೆ, ಗಿರಾಕಿಗಳೇ ಚೀಟಿ ಬರೆದು ಚುಚ್ಚಿ ಹೋಗಿದ್ದರಂತೆ.

"ಟೀಚರ್, ಇವು ಯಾರ್ಯಾರ ಮನೇವು ಹೇಳ್ತೀರಾ?"

ಅಕ್ಕ ಸೂಜಿ ಇಟ್ಟು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಚೀಟಿ ಓದಿದಳು. ಡಾಕ್ಟರ ಮನೆ. ಮೂಲೆಯ ಮನೆ. ಬ್ಯಾಂಕಿನವರದು. ಮಹಡಿಯ ಮೇಲಿನವರದು. ಓದಿ ಮುಗಿಸಿ, ಕೊನೆಯ ಗಂಟಿನ ಮೇಲಿಂದ ಕೈ ತೆಗೆಯದೆ ಅಂದಳು: "ಸಂಜೆ ಹೊತ್ತು ಬಾರೇ ಪುಟ್ಟಿ. ತುಂಬಾ ದಿನ ಬೇಕಾಗಲ್ಲ. ಈಗ ನನಗೆ ಕಲಿಸಕ್ಕೆ ಬರುತ್ತೆ."

ಹುಡುಗಿ ನಕ್ಕಳು. ಆ ನಗುವಿನಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. "ಬೇಡ ಬಿಡಿ ಟೀಚರ್. ನೀವು ಒಂದ್ಸಲ ಹೇಳಿದ್ರಲ್ಲ, ಸಾಕು. ನೆನಪಿರುತ್ತೆ."

ಅಕ್ಕ ಬಾಗಿಲಿಗೆ ಬಂದು ನಿಂತಳು. ಹುಡುಗಿ ಬೀದಿಯುದ್ದಕ್ಕೂ ಒಂದೊಂದು ಬಾಗಿಲು ತಟ್ಟುತ್ತಾ ಹೋದಳು. ಒಂದು ಗಂಟನ್ನೂ ತಪ್ಪು ಮನೆಗೆ ಕೊಡಲಿಲ್ಲ.