ಸೋಮವಾರದ ಗಂಟಲು

ಮೊದಲ ಸೋಮವಾರ ಯಾರೂ ಗಾಬರಿಯಾಗಲಿಲ್ಲ. ಗಾಬರಿಯಾಗುವುದಿರಲಿ, ಅಂಗಡಿಯ ಮುಂದೆ ನಿಂತು ನಕ್ಕರು.

ಕತ್ತಲಗೆರೆಯಲ್ಲಿ ನಮ್ಮ ಮನೆಯವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಆದರೆ ಊರು ಅವರನ್ನು ಕರೆಯುತ್ತಿದ್ದದ್ದು ಮೈಕ್ ಬಸಣ್ಣ ಎಂದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ವಾಲಿಬಾಲ್ ತಂಡಗಳು ಸೇರಿ ಭಾನುವಾರಗಳಂದು ಆಡುವ ಒಂದು ಲೀಗ್ ಇದೆ. ಪೇಪರಿನಲ್ಲಿ ಬರುವಂಥದ್ದಲ್ಲ, ಟಿ.ವಿ.ಯಲ್ಲಂತೂ ಇಲ್ಲವೇ ಇಲ್ಲ. ಊರಿನ ತಂಡ ಎಲ್ಲಿ ಆಡಿದರೂ ಇವರು ಟೆಂಪೋ ಹತ್ತಿ ಹೋಗಿ ಗೆರೆಯ ಪಕ್ಕ ನಿಂತು ಕೂಗುತ್ತಿದ್ದರು. ಹದಿನೆಂಟು ವರ್ಷ ಕೂಗಿದ್ದಾರೆ. ಲೀಗ್ ನಡೆಯುವ ತಿಂಗಳುಗಳಲ್ಲಿ ಒಂದು ಭಾನುವಾರವೂ ಅವರು ನನ್ನ ಜೊತೆ ಕೂತು ಊಟ ಮಾಡಿದ ನೆನಪಿಲ್ಲ.

ತಂಡ ಸೋಲುವ ಹಾಗಿದ್ದರೆ ಇವರು ಮುಖ ಗಂಟಿಕ್ಕಿಕೊಂಡು ಸುಮ್ಮನಾಗುತ್ತಿದ್ದರು. ಗೆಲ್ಲುವ ಹಾಗಿದ್ದರೆ ಕೊನೆಯ ಪಾಯಿಂಟಿನವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ಹಾಗಾಗಿ ಪಂದ್ಯಕ್ಕೆ ಹೋಗದವರು ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದು, "ಬಸಣ್ಣಾ, ಒಂದ್ ಮಾತಾಡು ನೋಡಾನ" ಅನ್ನುವುದು ಊರಿನ ರೂಢಿಯಾಗಿತ್ತು. ಇವರ ಗಂಟಲು ಕಟ್ಟಿದ್ದರೆ ಊರು ಗೆದ್ದಿದೆ ಎಂದರ್ಥ. ಸರಿಯಾಗಿ ಮಾತಾಡಿದರೆ ಬಂದವರು ಪೆಚ್ಚುಮೋರೆ ಹಾಕಿಕೊಂಡು ವಾಪಸಾಗುತ್ತಿದ್ದರು. ಗಂಟಲು ಎಷ್ಟು ಕೆಟ್ಟಿದೆಯೋ ಗೆಲುವು ಅಷ್ಟು ದೊಡ್ಡದು.

ಆ ವರ್ಷ ತಂಡ ಗೆಲ್ಲುತ್ತಲೇ ಹೋಯಿತು.

ಒಂದು ಸೋಮವಾರ ಕಟ್ಟಿದ ಗಂಟಲು ಮುಂದಿನ ಭಾನುವಾರಕ್ಕೂ ಬಿಟ್ಟಿರಲಿಲ್ಲ. ಅದೇ ಗಂಟಲಲ್ಲಿ ಹೋಗಿ ಮತ್ತೆ ಕೂಗಿ ಬಂದರು. ಹೀಗೆ ಹತ್ತು ವಾರ. ಸೋಮವಾರ ಜನ ಬರುವರು, ಇವರು ಬಾಯಿ ತೆರೆದರೆ ತಗಡಿನ ಮೇಲೆ ಮರಳು ಉಜ್ಜಿದ ಹಾಗೆ ಸದ್ದು, ಎಲ್ಲರೂ ಹೋ ಎಂದು ನಗುವರು. ಯಾರೋ ಶುಂಠಿ ಕಷಾಯ ಹೇಳಿದರು, ಯಾರೋ ಜೇನುತುಪ್ಪ ತಂದುಕೊಟ್ಟರು. ಒಬ್ಬರಾದರೂ ವಾರ ಎಣಿಸಲಿಲ್ಲ.

ನಾನು? ನನ್ನದೂ ಹೇಳಿಬಿಡುತ್ತೇನೆ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಗೋಡೆಯ ಮೇಲೆ "ನಿಶ್ಶಬ್ದ" ಎಂದು ಬರೆದ ಬೋರ್ಡಿನ ಕೆಳಗೆ ಇಡೀ ದಿನ ಕೂತು ಮನೆಗೆ ಬಂದರೆ, ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಂದಿನ ವಾರದ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದರು. ಯಾರು ಸರ್ವಿಸ್ ಹಾಳು ಮಾಡಿದ, ಯಾರು ನೆಟ್ ಮುಟ್ಟಿದ, ಅಂಪೈರ್ ಎಷ್ಟು ಮೋಸ ಮಾಡಿದ. ಗಂಟಲು ಕಟ್ಟಿದ ಮೇಲೆ ಅದು ನಿಂತಿತ್ತು. ಮನೆ ತಣ್ಣಗಾಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ನೀರು ಕುಡಿಯುವಾಗ ಕೆಮ್ಮು ಬಂದು ಕಿವಿಯವರೆಗೆ ನೋವು ಹತ್ತಿದ ದಿನ ದಾವಣಗೆರೆಗೆ ಕರೆದುಕೊಂಡು ಹೋದೆ. ಇ.ಎನ್.ಟಿ. ಡಾಕ್ಟರ್ ಹೆಂಗಸು, ನನ್ನ ವಯಸ್ಸಿನವರೇ. ಮೂಗಿನಿಂದ ತೆಳ್ಳನೆಯ ಸ್ಕೋಪ್ ಇಳಿಸಿ ನೋಡುತ್ತಾ ನೋಡುತ್ತಾ ಅವರ ಮುಖ ಗಂಭೀರವಾಯಿತು.

"ಎಷ್ಟು ದಿನದಿಂದ ಹೀಗಿದೆ ಗಂಟಲು?"

"ಎರಡೂವರೆ ತಿಂಗಳಾತು ಮೇಡಂ" ಅಂದೆ.

"ಮೂರು ವಾರಕ್ಕಿಂತ ಜಾಸ್ತಿ ದನಿ ಒಡೆದಿದ್ರೆ ಬಂದು ತೋರಿಸಬೇಕು. ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಇವರು ನನ್ನ ಕಡೆ ನೋಡಿ, ಆ ಒಡಕು ದನಿಯಲ್ಲೇ ಹೇಳಿದರು.

"ನಾವು ಗೆಲ್ತಾ ಇದ್ವಿ ಮೇಡಂ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ನನಗೆ ನಾಚಿಕೆಯಾಯಿತು.

ಬಯಾಪ್ಸಿ, ಸಿ.ಟಿ. ಸ್ಕ್ಯಾನ್, ಎಂಟು ದಿನದ ಕಾಯುವಿಕೆ. ರಿಪೋರ್ಟಿನಲ್ಲಿ ನನಗೆ ಓದಲು ಬಂದ ಪದ ಒಂದೇ, ಅದು ಕಾರ್ಸಿನೋಮಾ. ಧ್ವನಿಪೆಟ್ಟಿಗೆಯ ಹೊರಗೂ ಹಬ್ಬಿದೆ, ಟೋಟಲ್ ಲ್ಯಾರಿಂಜೆಕ್ಟಮಿ ಮಾಡಬೇಕು, ಅಂದರೆ ಆ ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಆಮೇಲೆ ರೇಡಿಯೇಷನ್ ಎಂದರು. ಕುತ್ತಿಗೆಯಲ್ಲಿ ಒಂದು ತೂತು ಇರುತ್ತದೆ, ಅದರ ಹೆಸರು ಸ್ಟೋಮಾ, ಇನ್ನು ಮುಂದೆ ಉಸಿರಾಟವೆಲ್ಲ ಅದರಲ್ಲೇ ಎಂದರು.

"ಪ್ರಾಣ ಉಳಿಸ್ಕೊಬಹುದು. ದನಿ ಉಳಿಯಲ್ಲ."

ಎಲ್ಲ ಆ ವಾಲಿಬಾಲಿನಿಂದ, ಆ ಕಿರುಚಾಟದಿಂದ ಎಂದು ನಾನು ಅಲ್ಲೇ ಅತ್ತುಬಿಟ್ಟೆ. ಡಾಕ್ಟರ್ ತಲೆಯಾಡಿಸಿದರು. ಕೂಗಿದರೆ ಕ್ಯಾನ್ಸರ್ ಬರುವುದಿಲ್ಲವಂತೆ. "ಬೀಡಿ ಎಷ್ಟು?" ಎಂದು ಇವರನ್ನು ಕೇಳಿದರು. ಇವರು ಒಂದು ಬೆರಳು ಎತ್ತಿದರು. ಒಂದು ಬೀಡಿಯಲ್ಲ, ದಿನಕ್ಕೆ ಒಂದು ಕಟ್ಟು. ನನಗೆ ಬೈಯಲು ಇದ್ದ ಒಂದೇ ಒಂದು ತಂಡವನ್ನೂ ಡಾಕ್ಟರ್ ಕಿತ್ತುಕೊಂಡರು. ಆದರೂ ಬೈಯುವುದನ್ನು ನಾನು ಬಿಡಲಿಲ್ಲ. ಕೂಗಿದ್ದರಿಂದ ಕಾಯಿಲೆ ಬರದೆ ಇರಬಹುದು, ಆದರೆ ಬಂದ ಕಾಯಿಲೆ ಅದರ ಹಿಂದೆ ಹತ್ತು ವಾರ ಅಡಗಿ ಕೂತಿತ್ತಲ್ಲ.

ಆಪರೇಷನ್ ಮಂಗಳವಾರ ಎಂದು ನಿಗದಿಯಾಯಿತು, ಅಡ್ಮಿಟ್ ಆಗುವುದು ಸೋಮವಾರ. ಲೀಗಿನ ಫೈನಲ್ ಭಾನುವಾರ, ಹೊನ್ನಾಳಿಯಲ್ಲಿ. ಮೈದಾನ ಇದ್ದ ಕಾಲೇಜಿನಲ್ಲಿ ಪರೀಕ್ಷೆ ಎಂದು ಎರಡು ಸಲ ಮುಂದೆ ಹೋಗಿದ್ದ ಪಂದ್ಯ ಸರಿಯಾಗಿ ಅದೇ ಭಾನುವಾರಕ್ಕೆ ಬಂದು ಕೂತಿತು.

ಮಗಳು ಭಾರತಿ ಶನಿವಾರ ಗಂಡನ ಮನೆ ಬಿಳಿಚೋಡಿನಿಂದ ಬಂದಳು. "ಅಪ್ಪನ ದನಿ ರೆಕಾರ್ಡ್ ಮಾಡಿ ಇಟ್ಕೊಳಾನಮ್ಮ" ಅಂದಳು. ನನಗೆ ಹೊಳೆದಿರಲಿಲ್ಲ. ಕೇಳಿದ ಮೇಲೆ ಬೇರೆ ಏನೂ ಬೇಡವೆನಿಸಿತು. ಅವಳ ಹೆಸರು ಒಂದು ಸಲ, ನನ್ನ ಹೆಸರು ಒಂದು ಸಲ, ಅಷ್ಟು ಸಾಕಿತ್ತು. ಅವಳು ಫೋನ್ ಹಿಡಿದಳು. ಇವರು ನಾಚಿಕೊಂಡರು.

"ಫೋನಿನ ಮುಂದೆ ಏನಂತ ಮಾತಾಡಾದು? ನಾಳೆ ಸಂಜೆ ಬಂದು ಎಲ್ಲಾ ಹೇಳ್ತೀನಿ. ನಿಂಗೂ, ನಿಮ್ಮವ್ವಗೂ."

"ನಾಳೆ ಹೋಗಬ್ಯಾಡ್ರಿ" ಅಂದೆ.

"ಹದಿನೆಂಟು ವರ್ಷಕ್ಕೆ ಫೈನಲ್ ಬಂದೈತೆ ಗಿರಿಜಾ. ಇನ್ನೊಂದು ಫೈನಲ್‌ಗೆ ಕೂಗಾಕೆ ನಂಗೆಲ್ಲಿ ಗಂಟಲೈತೆ?"

"ನಮಗೆ ಸ್ವಲ್ಪ ಉಳಿಸ್ರಿ."

"ಉಳಿಸ್ತೀನಿ ಬಿಡು."

ಉಳಿಸಲಿಲ್ಲ. ಜಗಳೂರಿನ ತಂಡದ ಎದುರು ಐದನೇ ಸೆಟ್ಟಿನಲ್ಲಿ ಎರಡು ಪಾಯಿಂಟಿನಿಂದ ಸೋತು ಸಂಜೆ ಮನೆಗೆ ಬಂದರು. ಸೋಲುವಾಗ ಸುಮ್ಮನಾಗುವ ಮನುಷ್ಯ ಅವತ್ತು ಕೊನೆಯ ಬಾಲಿನವರೆಗೂ ಕೂಗಿದ್ದರಂತೆ. ಕೈಕಾಲು ತೊಳೆದು, ಅಂಗಿ ಬದಲಿಸಿ, ಶಿಸ್ತಾಗಿ ಕುರ್ಚಿಯಲ್ಲಿ ಕೂತರು. ಭಾರತಿ ಫೋನ್ ಹಿಡಿದಳು. ಇವರು ಬಾಯಿ ತೆರೆದರು.

ಬರೀ ಗಾಳಿ.

ಮತ್ತೆ ಪ್ರಯತ್ನಿಸಿದರು, ಬಿಸಿನೀರು ಕುಡಿದು ಮತ್ತೆ ನೋಡಿದರು. ಕುತ್ತಿಗೆಯ ನರಗಳು ಉಬ್ಬಿದವೇ ಹೊರತು ಒಂದು ಅಕ್ಷರ ಹೊರಡಲಿಲ್ಲ. ಭಾರತಿಯ ಫೋನಿನಲ್ಲಿ ಆ ರೆಕಾರ್ಡಿಂಗ್ ಈಗಲೂ ಇದೆ. ಅರ್ಧ ನಿಮಿಷದ ಉಸಿರು, ಆಮೇಲೆ ನಾನು ಎದ್ದು ಒಳಗೆ ಹೋದ ಬಳೆ ಸದ್ದು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಆಡಲಾಗುತ್ತಿರಲಿಲ್ಲ, ನಾನು ಆಡಲಿಲ್ಲ. ಅದಕ್ಕೆ ಇವತ್ತಿಗೂ ಸಂಕಟವಿದೆ. ಇವರ ಮೇಲಿನ ಸಿಟ್ಟೂ ಇದೆ. ಒಂದು ಬಂದರೆ ಇನ್ನೊಂದು ಹೋಗುತ್ತದೆ ಎಂದು ತಿಳಿದಿದ್ದೆ, ಇಲ್ಲ, ಎರಡೂ ಒಟ್ಟಿಗೇ ಇರುತ್ತವೆ.

ಆಪರೇಷನ್ ಏಳು ಗಂಟೆ ಹಿಡಿಯಿತು. ಆಮೇಲಿನ ದಿನಗಳನ್ನು ಕ್ರಮವಾಗಿ ಹೇಳಲಾರೆ. ಮೂಗಿನಲ್ಲಿ ಟ್ಯೂಬ್, ಅದರಲ್ಲಿ ಗಂಜಿ. ಕುತ್ತಿಗೆಯಲ್ಲಿ ಹುಣಸೆಬೀಜದಷ್ಟು ಕೆಂಪು ತೂತು. ಅದರಿಂದ ಕಫ ಎಳೆಯುವ ಸಕ್ಷನ್ ಮಿಷನ್ನಿನ ಸದ್ದು. ನರ್ಸ್ ನನ್ನ ಕೈ ಹಿಡಿದು ತೂತು ಒರೆಸುವುದನ್ನು ಕಲಿಸಿದರು. ಮೊದಲ ಸಲ ಕಣ್ಣು ಮುಚ್ಚಿಕೊಂಡೆ. "ಕಣ್ಣು ಮುಚ್ಚಿದ್ರೆ ಹೆಂಗಮ್ಮ, ಮನೇಲಿ ನೀವೇ ಮಾಡ್ಬೇಕಲ್ಲ" ಎಂದು ಗದರಿದರು.

ಮನೆಗೆ ಬಂದ ಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ಸ್ನಾನ ಮಾಡುವಾಗ ತೂತಿಗೆ ಒಂದು ಹನಿ ನೀರೂ ಹೋಗಬಾರದು. ಒಗ್ಗರಣೆಯ ವಾಸನೆ ಅವರಿಗೆ ತಿಳಿಯುವುದಿಲ್ಲ. ಚಹಾ ಊದಿ ಆರಿಸಿಕೊಳ್ಳಲಾರರು, ಊದಲು ಬಾಯಲ್ಲಿ ಉಸಿರೇ ಇಲ್ಲವಲ್ಲ. ಮೂವತ್ತು ವರ್ಷ ಸುಡು ಸುಡು ಚಹಾವನ್ನು ಊದಿ ಸೊರ್ರೆಂದು ಕುಡಿದವರಿಗೆ ಈಗ ನಾನು ಲೋಟದಿಂದ ಲೋಟಕ್ಕೆ ಹೊಯ್ದು ಆರಿಸಿಕೊಡುತ್ತೇನೆ. ನನ್ನನ್ನು ಕರೆಯಬೇಕಾದರೆ ಎರಡು ಚಪ್ಪಾಳೆ. ಉಳಿದದ್ದಕ್ಕೆ ಸ್ಲೇಟು. ಮನೆ ಎಷ್ಟು ತಣ್ಣಗಾಗಿದೆಯೆಂದರೆ ಗೋಡೆ ಗಡಿಯಾರ ಕೇಳಿಸುತ್ತದೆ. ನಾನು ಬಯಸಿದ್ದು ಇದನ್ನೇ ತಾನೆ.

ತಂಡದವರು ನೋಡಲು ಬಂದರು. ಮುಂದೆ ಮಂಜ ಇದ್ದ. ಅವನು ತಂಡದ ಲಿಫ್ಟರ್, ಅಂದರೆ ಹೊಡೆಯುವವನಿಗೆ ಬಾಲ್ ಎತ್ತಿಕೊಡುವವನು. ಊರಿನ ಹಿಟ್ಟಿನ ಗಿರಣಿ ಅವನದೇ. ಒಳಗೆ ಬಂದವನೇ ನನ್ನ ಮುಂದೆ ತಲೆ ತಗ್ಗಿಸಿದ.

"ಅಕ್ಕಾ, ಕೊನೇ ಬಾಲ್ ನಾನೇ ಕೆಡಿಸ್ದೆ. ಅಣ್ಣ ಅಷ್ಟು ಕೂಗಿದ್ರು."

"ಸೋತಿದ್ದಕ್ಕೆ ಸಾರಿ ಕೇಳಾಕೆ ಬಂದೀಯೇನೋ?" ಅಂದೆ.

ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದ. ಹೊಳೆಯುವ ಸ್ಟೀಲ್ ಸೀಟಿ, ಕೆಂಪು ದಾರ ಕಟ್ಟಿದ್ದು. ತಂಡದವರೆಲ್ಲ ಸೇರಿ ತಂದಿದ್ದರು. "ದನಿ ಇಲ್ದಿದ್ರೆ ಏನಾತಣ್ಣ, ಮುಂದಿನ ಸಲ ಇದನ್ನ ಊದು" ಅಂದ. ಇವರ ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಬಂತು. ಸೀಟಿಯನ್ನು ತುಟಿಗೆ ಇಟ್ಟು, ಎದೆ ತುಂಬ ಉಸಿರೆಳೆದು ಊದಿದರು.

ಸೀಟಿ ಕೂಗಲಿಲ್ಲ. ಕುತ್ತಿಗೆಯ ತೂತಿನ ಮೇಲೆ ಕಟ್ಟಿದ್ದ ಬಟ್ಟೆ ಹಾರಿತು.

ಯಾರಿಗೂ ಗೊತ್ತಿರಲಿಲ್ಲ. ಚಹಾ ಆರಿಸಿಕೊಡುತ್ತಿದ್ದ ನನಗೂ ಆ ಕ್ಷಣ ಹೊಳೆದಿರಲಿಲ್ಲ. ಇವರು ಸೀಟಿಯನ್ನು ಒರೆಸಿ, ದಾರ ಸುತ್ತಿ ಮಂಜನ ಕೈಗೇ ಕೊಟ್ಟರು. ಅವನು ಅಂಗಳಕ್ಕೆ ಹೋಗಿ ಅತ್ತ. ಅಳಲಿ ಎಂದುಕೊಂಡೆ. ಅಷ್ಟು ಕಹಿ ನನ್ನಲ್ಲಿತ್ತು.

ರೇಡಿಯೇಷನ್ ಮುಗಿದು, ಇವರು ಮತ್ತೆ ಅಂಗಡಿಯ ಬಾಗಿಲು ತೆಗೆದ ಮೇಲೆ ಒಂದು ದಿನ ಮಂಜ ನನ್ನ ಫೋನಿಗೆ ವಿಡಿಯೋ ಕಳಿಸಿದ. ಹೊನ್ನಾಳಿಯ ಫೈನಲ್. ಯಾರೋ ಗೆರೆಯ ಪಕ್ಕದಲ್ಲೇ ನಿಂತು ತೆಗೆದದ್ದು. ಇವರ ಮುಖ ಕಾಣುವುದಿಲ್ಲ, ಗಂಟಲು ಮಾತ್ರ ಜನರ ಗದ್ದಲವನ್ನು ಹರಿದುಕೊಂಡು ಬರುತ್ತದೆ.

"ಎತ್ತೋ ಮಂಜಾ! ಎತ್ತೋ!"

ನಮ್ಮ ಮನೆಯವರ ಗಂಟಲಿನದು ಎಂದು ನನ್ನ ಬಳಿ ಉಳಿದಿರುವುದು ಇದೊಂದೇ. ಅದರಲ್ಲಿ ಇರುವ ಹೆಸರು ಹಿಟ್ಟಿನ ಗಿರಣಿಯವನದು.

ಅಳಿಸಿಹಾಕೋಣ ಎಂದು ಬೆರಳು ಎರಡು ಸಲ ಅಲ್ಲಿಗೆ ಹೋಯಿತು. ಅಳಿಸಲಿಲ್ಲ. ಗ್ರಂಥಾಲಯದಲ್ಲಿ ಯಾರೂ ಇಲ್ಲದಾಗ, ಆ ಬೋರ್ಡಿನ ಕೆಳಗೇ ಕೂತು ಜೋರಾಗಿ ಹಾಕಿಕೊಂಡು ಕೇಳುತ್ತೇನೆ.

ಈ ಸಲದ ಲೀಗಿನ ಮೊದಲ ಪಂದ್ಯ ನ್ಯಾಮತಿಯಲ್ಲಿತ್ತು. ಇವರು ಸ್ಲೇಟಿನಲ್ಲಿ ಬರೆದರು: "ಹೋಗಿ ಬರಲಾ?" ಮದುವೆಯಾದಾಗಿನಿಂದ ಮೊದಲ ಸಲ ಕೇಳಿದ್ದರು. ಧೂಳು ಹೆಚ್ಚು, ತೂತಿಗೆ ಏನಾದರೂ ಹೋದರೆ ಎಂಬ ಭಯಕ್ಕೆ ನಾನೂ ಟೆಂಪೋ ಹತ್ತಿದೆ. ಪ್ರೀತಿಯಿಂದ ಹತ್ತಿದೆ ಎಂದರೆ ಸುಳ್ಳಾಗುತ್ತದೆ. ಸಾಸ್ವೆಹಳ್ಳಿ ದಾಟುವವರೆಗೂ ಮುಖ ಊದಿಸಿಕೊಂಡೇ ಕೂತಿದ್ದೆ.

ಮೈದಾನದಲ್ಲಿ ಗೆರೆಯ ಪಕ್ಕ ಅವರ ಜಾಗ ಖಾಲಿ ಬಿಟ್ಟಿದ್ದರು. ಮೊದಲ ಸೆಟ್ ಸೋತರು, ಎರಡನೆಯದೂ ಸೋಲುವ ಹಾಗಿತ್ತು. ಮಂಜ ಅಂಜಿ ಅಂಜಿ ಆಡುತ್ತಿದ್ದ, ಎತ್ತಿದ ಬಾಲ್ ನೆಟ್ಟಿನ ಮೇಲಕ್ಕೇ ಬರುತ್ತಿರಲಿಲ್ಲ. ಇವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕುತ್ತಿಗೆಯ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದನ್ನು ನೋಡಿಕೊಂಡು ಎಷ್ಟು ಹೊತ್ತು ಕೂರಲಿ?

ಎದ್ದು ನಿಂತೆ. "ಎತ್ತೋ ಮಂಜಾ! ಕೈಯಾಗೆ ಏನೈತೋ ನಿಂಗೆ, ಎತ್ತೋ!"

ಮೈದಾನ ತಿರುಗಿ ನೋಡಿತು. ನಾನು ನಿಲ್ಲಿಸಲಿಲ್ಲ. ಅಂಪೈರನ್ನು ಬೈದೆ, ಸರ್ವಿಸ್ ಹಾಳು ಮಾಡಿದವನನ್ನು ಬೈದೆ, ಎದುರಿನ ತಂಡದವರನ್ನೂ ಬಿಡಲಿಲ್ಲ. ಆಟದ ಮೇಲಿನ ಆಸೆಯಿಂದಲ್ಲ. ಹತ್ತು ವಾರ ನಕ್ಕವರನ್ನು, ಬೀಡಿ ಕಟ್ಟನ್ನು, ಫೋನಿನೊಳಗಿನ ಗಾಳಿಯನ್ನು, ಮನೆ ತಣ್ಣಗಿದೆಯೆಂದು ಖುಷಿಪಟ್ಟ ನನ್ನನ್ನು, ಎಲ್ಲವನ್ನೂ ಸೇರಿಸಿ ಕೂಗಿದೆ. ಊರಿನವರಿಗೆ ಅದು ವಾಲಿಬಾಲಿಗೆ ಕೂಗಿದ ಹಾಗೆ ಕೇಳಿಸಿರಬೇಕು. ಐದನೇ ಸೆಟ್ಟಿನಲ್ಲಿ ಗೆದ್ದೆವು. ಇವರು ನನ್ನ ಕೈ ಹಿಡಿದುಕೊಂಡು ಟೆಂಪೋದವರೆಗೆ ನಡೆದರು.

ಸೋಮವಾರ ಬೆಳಿಗ್ಗೆ ಎದ್ದರೆ ನನ್ನ ಗಂಟಲು ಕಟ್ಟಿತ್ತು.

ಅಂಗಡಿಗೆ ಊಟದ ಡಬ್ಬಿ ಕೊಡಲು ಹೋದಾಗ ಅಲ್ಲಿ ನಾಲ್ಕು ಜನ ಆಗಲೇ ನಿಂತಿದ್ದರು. ಹಳೆಯ ನಗು, ಹಳೆಯ ಮಾತು. "ಅಕ್ಕಾ, ಒಂದ್ ಮಾತಾಡ್ರಿ ನೋಡಾನ!" ನಾನು ಬಾಯಿ ತೆರೆದೆ. ಆ ಸದ್ದು ಕೇಳಿ ಹೋ ಎಂದು ನಗಲು ಶುರು ಮಾಡಿದರು.

ಇವರು ಕೈಯಲ್ಲಿದ್ದ ತಂತಿ ಬಿಸಾಡಿ ಎದ್ದರು. ಮುಖ ಬಿಳಿಚಿಕೊಂಡಿತ್ತು. ನಾಲ್ವರನ್ನೂ ರಟ್ಟೆ ಹಿಡಿದು ಹೊರಗೆ ನೂಕಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಬಳಿ ಹೋಗಿ ಆ ದಿನದ ಮೇಲೆ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದರು. ಅಲ್ಲಿಂದ ಬೆರಳಿಟ್ಟು ಎಣಿಸಿಕೊಂಡು ಹೋಗಿ, ಮೂರು ವಾರ ಆಗುವ ದಿನಕ್ಕೆ ಸುತ್ತು ಹಾಕಿ, "ಡಾಕ್ಟರ್" ಎಂದು ಬರೆದರು.

ಮಂಗಳವಾರ ಒಂದು ಗೆರೆ. ಬುಧವಾರ ಇನ್ನೊಂದು. ದಿನಾ ಬೆಳಿಗ್ಗೆ ಸ್ಲೇಟು ಹಿಡಿದು ನನ್ನೆದುರು ನಿಲ್ಲುವರು: "ಮಾತಾಡು."

ಗುರುವಾರ ಚಹಾ ಲೋಟದಿಂದ ಲೋಟಕ್ಕೆ ಹೊಯ್ಯುತ್ತಾ, "ಆರೈತೆ, ಕುಡೀರಿ" ಅಂದೆ. ಸ್ಪಷ್ಟವಾಗಿ ಬಂತು. ಅವರು ಸ್ಲೇಟು ಕೆಳಗಿಟ್ಟು, ಇನ್ನೊಂದು ಸಲ ಹೇಳು ಎಂದು ಕೈಯಲ್ಲೇ ಕೇಳಿದರು. ಇನ್ನೊಂದು ಸಲ ಹೇಳಿದೆ. ಆಮೇಲೆ ಕೂತು ಚಹಾ ಕುಡಿದರು.

ಮೊನ್ನೆಯ ಚೆಕಪ್ಪಿನಲ್ಲಿ ಸದ್ಯಕ್ಕೆ ಏನೂ ಇಲ್ಲ ಎಂದಿದ್ದಾರೆ. ಆ ಸದ್ಯಕ್ಕೆ ನಾನು ಕೈಮುಗಿಯುತ್ತೇನೆ. ಅಂಗಡಿಯ ಕ್ಯಾಲೆಂಡರಿನಲ್ಲಿ ನನ್ನ ಗಂಟಲಿನ ಹೆಸರಲ್ಲಿ ಮೂರು ಕೆಂಪು ಗೆರೆಗಳಿವೆ. ಅವರ ಗಂಟಲಿಗೆ ಹತ್ತು ವಾರದಲ್ಲಿ ನಾನು ಒಂದನ್ನೂ ಎಳೆದಿರಲಿಲ್ಲ.