ಗೇರ್‌ಬಾಕ್ಸಿಗೆ ಹೋದ ಸೀರೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಅಣ್ಣಿಗೇರಿ ಕಡೆ ಬೆಳೆದವರಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಸದ್ದು ಗೊತ್ತಿರುತ್ತದೆ. ಹಂಗಾಮಿಗೆ ಮೊದಲು ಅದು ಬಾಯಿ ಮುಚ್ಚಿಕೊಂಡಿರುತ್ತಿದ್ದ ಒಂದು ವಾರವೂ ಗೊತ್ತಿರಬೇಕು. ಆಗ ಯಂತ್ರಗಳನ್ನು ಬಿಚ್ಚಿ ತೊಳೆಯುತ್ತಿದ್ದರು. ಅಪ್ಪ ಅಲ್ಲಿ ಫಿಟ್ಟರ್. ಅವ್ವ, ಗಂಗವ್ವ, ಅದೇ ಜಿನ್ನಿನಲ್ಲಿ ಹತ್ತಿಯ ಕಸ ಆರಿಸುತ್ತಿದ್ದಳು. ನನಗೆ ಹತ್ತು ವರ್ಷವಿದ್ದಾಗ, ದೀಪಾವಳಿ ಮುಗಿದ ಮೇಲೆ, ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಳು. ನಾನು ಅಳಲಿಲ್ಲ. ಕಲ್ಲು ಮನಸ್ಸಿನ ಹುಡುಗಿ ಎಂದು ಓಣಿಯ ಹೆಂಗಸರು ಆಡಿಕೊಂಡರು. ಅನ್ನಲಿ ಬಿಡಿ. ನನಗಂತೂ ಒಳಗೆ ಏನೂ ಇರಲಿಲ್ಲ.

ಆ ವರ್ಷ ತೊಳೆಯುವ ವಾರ ಬಂದಾಗ ಅಪ್ಪ ನನ್ನನ್ನೂ ಜಿನ್ನಿಗೆ ಕರೆದ. ಗೇರ್‌ಬಾಕ್ಸಿನ ತಳದ ಮೂಲೆಗೆ ದೊಡ್ಡವರ ಕೈ ಹೋಗುತ್ತಿರಲಿಲ್ಲ. “ಬರೂಮುಂದ ಆಯಿ ಕಡೆ ಹಳೇ ಅರಬಿ ಇಸ್ಕೊಂಡ ಬಾ,” ಅಂದಿದ್ದ. ಹತ್ತಿಯ ರಾಶಿಯೇ ಇದ್ದ ಜಾಗದಲ್ಲಿ ಒರೆಸಲು ಹತ್ತಿ ಬಳಸುವಂತಿರಲಿಲ್ಲ. ಎಳೆಗಳು ಗೇರಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದವು. ಒಗೆದೊಗೆದು ಮೆತ್ತಗಾದ ಬಟ್ಟೆಯೇ ಆಗಬೇಕು. ಆಯಿ, ಅಂದರೆ ಅಪ್ಪನ ತಾಯಿ, ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. “ಖೋಲ್ಯಾಗ ಗಂಟ ಐತಿ, ಒಯ್ಯಿ,” ಅಂದಳು. ಒಳಗೆ ಗಂಟು ಎರಡಿದ್ದವು. ಒಂದು ಚಿಂದಿಯದು, ಇನ್ನೊಂದು ಹೊದೆಯುವ ಕೌದಿ ಹೊಲಿಯಲು ಎತ್ತಿಟ್ಟದ್ದು. ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ನಡೆದೆ.

ಮುಚ್ಚಳ ತೆಗೆದರೆ ವರ್ಷದ ಗ್ರೀಸು ಕರ್ರಗೆ ಗಟ್ಟಿಯಾಗಿ ಕೂತಿತ್ತು. ಸುಟ್ಟ ಎಣ್ಣೆಯ ವಾಸನೆ ಗಂಟಲಿಗೆ ಹತ್ತಿತು. ಕಬ್ಬಿಣ ತಾಗಿದರೆ ಹಲ್ಲಿಗೆ ಗೀರು ಬೀಳುತ್ತದೆಂದು ದಸ್ತಗೀರಕಾಕಾ ಬಿದಿರಿನ ಸೀಳಿನಿಂದ ಕೆರೆದು ಡಬ್ಬಿಗೆ ಹಾಕುತ್ತಿದ್ದ. ಆತ ಅಪ್ಪನ ಜೋಡಿ ಕೆಲಸದವ, ಬಾಯಿಗೆ ಬೀಗವಿಲ್ಲದವ. ತಳದ ಗ್ರೀಸನ್ನು ನಾನು ಬಾಚಿ ಕೊಟ್ಟೆ. ಅಪ್ಪ ಅದರಲ್ಲೊಂದು ಚಿಟಿಕೆ ತೆಗೆದು, ಬೆರಳುಗಳ ನಡುವೆ ತಿಕ್ಕಿ, ಹಲ್ಲು ಸವೆದ ಕಬ್ಬಿಣದ ಪುಡಿ ಇದೆಯೇ ಎಂದು ನೋಡಿದ. ಆಮೇಲೆ ಬಟ್ಟೆ ಹರಿದು, ಚಿಮಣಿ ಎಣ್ಣೆಯಲ್ಲಿ ಅದ್ದಿ, ಒಂದೊಂದೇ ಹಲ್ಲು ಒರೆಸತೊಡಗಿದೆವು.

“ಅರಬಿ ಅಗದಿ ಮೆತ್ತಗ ಐತಿ ನೋಡವಾ. ನಮ್ಮ ಮನ್ಯಾಗ ನನಗ ಹೊಚಗೊಳ್ಳಾಕೂ ಇಂಥಾದು ಸಿಗಾಂಗಿಲ್ಲ,” ಎಂದು ಕಾಕಾ ನನ್ನನ್ನು ನಗಿಸಲು ನೋಡಿದ. ಆಮೇಲೆ ಕೈಯಲ್ಲಿದ್ದ ತುಂಡನ್ನು ಬೆಳಕಿಗೆ ಹಿಡಿದ. ಕೆಂಪು ದಡಿ. ಆ ದಡಿಯ ಸೀರೆಯುಟ್ಟು ಅವ್ವ ಎಷ್ಟೋ ಹಂಗಾಮು ಅವನ ಕಣ್ಣೆದುರೇ ಕಸ ಆರಿಸಿದ್ದಳು.

“ಬಸಣ್ಣಾ, ಇದು ಗಂಗವ್ವನ ಸೀರಿ ಅಲ್ಲೇನೋ?”

ಅಪ್ಪ ತಲೆ ಎತ್ತಲಿಲ್ಲ. “ಹೌದು.”

“ಗೊತ್ತಿದ್ದೂ ಒರಸಾಕ ಹತ್ತೀಯಲ್ಲೋ! ನಿಂದರಸಲೇ!”

“ಎಲ್ಲಾ ಹರದೇತಿ. ಮುಗೀಲಿ ಬಿಡು.”

ನನಗೂ ಗೊತ್ತಾಗಿತ್ತು, ಹರಿಯುವಾಗಲೇ. ಎಲೆಅಡಿಕೆಯ, ಒಲೆ ಹೊಗೆಯ ಅವ್ವನ ವಾಸನೆ ಮೂಗಿಗೆ ಬಂದಿತ್ತು. ನಿಲ್ಲಿಸಬೇಕು ಅನ್ನಿಸಲೇ ಇಲ್ಲ. ಕಾಕಾ ತನ್ನ ಕೈಯ ತುಂಡನ್ನು ಮಡಚಿ ಬಾಜೂಕ್ಕಿಟ್ಟು, ಹೊರಗೆ ಹೋಗಿ ಬೀಡಿ ಹಚ್ಚಿದ. ಅಪ್ಪ ಅದನ್ನೂ ತೆಗೆದುಕೊಂಡು ಎಣ್ಣೆಗೆ ಅದ್ದಿದ. ನಾವಿಬ್ಬರೇ ಕೆಲಸ ಮುಗಿಸಿದೆವು. ಹಲ್ಲುಗಳು ಹೊಸದರಂತೆ ಹೊಳೆದವು. ಹೊಸ ಗ್ರೀಸು ತುಂಬಿ ಅಪ್ಪ ಮುಚ್ಚಳ ಬಿಗಿದ.

ಅವ್ವನಿಗಿದ್ದದ್ದು ಎರಡೇ ಸೀರೆ. ಒಂದನ್ನು ಉಡಿಸಿಯೇ ಮಣ್ಣು ಮಾಡಿದ್ದರು. ಇನ್ನೊಂದನ್ನು ನನ್ನ ಕೌದಿಗೆಂದು ಆಯಿ ಕಾದಿರಿಸಿದ್ದಳಂತೆ. ಸಂಜೆ ನಾವು ಮನೆಗೆ ತಂದ ಆ ತುಂಡುಗಳಿಗೆ ಸಬಕಾರ ಹಚ್ಚಿ ಮೂರು ಸಲ ಕುದಿಸಿದಳು. ಕಪ್ಪು ಹೋಗಲಿಲ್ಲ. “ಯವ್ವಾ, ಮೂಸಿ ನೋಡಾಕರ ಒಂದ ತುಂಡ ಉಳಸಬಾರದಾಗಿತ್ತೇನ?” ಎಂದು ಹಣೆ ಬಡಿದುಕೊಂಡು ಅತ್ತಳು. ಅಪ್ಪ, ನಾನು ಕೂತು ರೊಟ್ಟಿ ತಿಂದೆವು.

ಈಗ ಆ ಜಿನ್ನು ಇಲ್ಲ, ಅಪ್ಪನೂ ಇಲ್ಲ. ಅವ್ವನದೊಂದು ಫೋಟೋವನ್ನೂ ನಾವು ತೆಗೆಸಿರಲಿಲ್ಲ. ಆಕೆ ತೀರಿಕೊಂಡಾಗ ಇದ್ದ ವಯಸ್ಸಿನ ಎರಡರಷ್ಟು ನನಗಾಗಿದೆ. ಇತ್ತೀಚೆಗೆ ಒಗೆದ ಬಟ್ಟೆ ಮಡಚುತ್ತಿರುವಾಗ ಒಮ್ಮೊಮ್ಮೆ ಸುಮ್ಮಸುಮ್ಮನೆ ಅಳು ಬರುತ್ತದೆ. ಆಕೆಗಾಗಿ ಎಂದು ತಿಳಿಯುತ್ತದೆ. ಕಣ್ಣು ಮುಚ್ಚಿ ಆಕೆಯ ಮುಖ ನೆನೆಯಲು ನೋಡುತ್ತೇನೆ. ಬರುವುದಿಲ್ಲ.